ಮಗು ಕೈಕಾಲು ಆಡಿಸುವ ಮೂರು ನಿಮಿಷದ ವಿಡಿಯೊದಿಂದ ಸೆರೆಬ್ರಲ್ ಪಾಲ್ಸಿ ತಿಳಿಯುತ್ತದೆಯೇ?

ಪ್ರಶ್ನೆ: ನಿವೃತ್ತ ಶಿಕ್ಷಕ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ನನ್ನ ಮಗಳಿಗೆ 31ನೆಯ ವಾರ ತುಂಬುತ್ತಿದ್ದಂತೆಯೇ ಹೆರಿಗೆಯಾಯಿತು. ಹುಟ್ಟಿದಾಗ ಮೊಮ್ಮಗನ ತೂಕ 1,350 ಗ್ರಾಂ. ಐದು ವಾರ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದು ಮನೆಗೆ ಬಂದವನು ಈಗ ಹಾಲು ಚೆನ್ನಾಗಿ ಕುಡಿಯುತ್ತಾನೆ, ಮುಖ ನೋಡಿ ನಗುವುದಕ್ಕೂ ಶುರುಮಾಡಿದ್ದಾನೆ. ಆದರೆ ತಲೆಯ ಅಲ್ಟ್ರಾಸೌಂಡ್ ಮಾಡಿದಾಗ ಮೆದುಳಿನ ಬಿಳಿಭಾಗದಲ್ಲಿ ಸ್ವಲ್ಪ ವ್ಯತ್ಯಾಸ ಕಂಡಿದೆಯೆಂದೂ, ಮುಂದೆ ಏನೂ ಆಗದಿರಬಹುದು, ಆದರೂ ಕಣ್ಣಿಟ್ಟಿರಬೇಕೆಂದೂ ಮಕ್ಕಳ ವೈದ್ಯರು ಹೇಳಿದ್ದಾರೆ.

ಕಳೆದ ವಾರ ತೋರಿಸಲು ಹೋದಾಗ ಅವರು ಒಂದು ವಿಚಿತ್ರವಾದ ಕೆಲಸ ಹೇಳಿದರು. ಮಗುವನ್ನು ಅಂಗಾತ ಮಲಗಿಸಿ, ಯಾರೂ ಮಾತನಾಡಿಸದೆ, ಆಟಿಕೆ ಕೊಡದೆ, ಅದು ತನ್ನಷ್ಟಕ್ಕೆ ಕೈಕಾಲು ಆಡಿಸುವುದನ್ನು ಮೂರರಿಂದ ಐದು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿ ತರಬೇಕಂತೆ. ಅದೂ ಈಗಲ್ಲ, ಇನ್ನು ನಾಲ್ಕು ವಾರ ಕಳೆದ ಮೇಲೆ. ಮಗುವಿಗೆ ಈಗಾಗಲೇ ಹದಿನೇಳು ವಾರ ತುಂಬಿದೆ. ತೊಂದರೆಯನ್ನು ಬೇಗ ಪತ್ತೆಹಚ್ಚುವುದೇ ಉದ್ದೇಶವಾಗಿದ್ದರೆ ಕಾಯುವುದೇಕೆ ಎಂಬುದು ನನ್ನ ಮೊದಲನೆಯ ಪ್ರಶ್ನೆ. ಹೊರಗೆ ಕಾಯುತ್ತಿದ್ದವರ ಸಾಲು ನೋಡಿ, ಅಲ್ಲಿ ಕೇಳಲು ಸಂಕೋಚವಾಯಿತು.

ಎರಡನೆಯದು ಹೀಗಿದೆ. ಕೂಸು ಕೈಕಾಲು ಬಡಿಯುವುದನ್ನು ನಾವೆಲ್ಲ ದಿನವಿಡೀ ನೋಡುತ್ತೇವೆ, ಅದರಲ್ಲಿ ನಮಗೆ ಕಾಣದಿರುವ ಯಾವುದು ಅವರಿಗೆ ಕಾಣುತ್ತದೆ? ಇನ್ನು ಅಳಿಯಂದಿರು ಅಂತರಜಾಲದಲ್ಲಿ ಹುಡುಕಿ, ಇಂಥ ವಿಡಿಯೊವನ್ನು ಕಂಪ್ಯೂಟರೇ ನೋಡಿ ಸೆರೆಬ್ರಲ್ ಪಾಲ್ಸಿ (ಎಳೆಯ ಮೆದುಳಿಗಾದ ಪೆಟ್ಟಿನಿಂದ ಕೈಕಾಲುಗಳ ಚಲನೆಯ ಹಿಡಿತ ತಪ್ಪುವ ತೊಂದರೆ) ಇದೆಯೋ ಇಲ್ಲವೋ ಹೇಳುತ್ತದೆ, ಆಟಿಸಂ ಕೂಡ ಹೇಳುತ್ತದೆ, ವೈದ್ಯರ ತನಕ ಹೋಗುವುದೇ ಬೇಡ ಎನ್ನುತ್ತಿದ್ದಾರೆ. ಇದು ಎಷ್ಟರ ಮಟ್ಟಿಗೆ ನಿಜ? ನನ್ನ ಹೆಂಡತಿಯದು ಬೇರೆಯೇ ತಕರಾರು: ಬಟ್ಟೆ ಬಿಚ್ಚಿದ ಮಗುವಿನ ವಿಡಿಯೊ ತೆಗೆದರೆ ದೃಷ್ಟಿಯಾಗುತ್ತದೆ ಎನ್ನುತ್ತಾಳೆ. ದೃಷ್ಟಿಯ ಮಾತನ್ನು ಒಪ್ಪದಿದ್ದರೂ ಆ ವಿಡಿಯೊ ಯಾರ ಕೈಗೆ ಹೋಗುತ್ತದೆ ಎಂಬ ಅಳುಕು ನನಗೂ ಇದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಮಕ್ಕಳ ಫಿಸಿಯೋಥೆರಪಿಸ್ಟ್, ಮೈಸೂರು

ಮೇಷ್ಟ್ರೇ, ಮೊದಲು ಕಾಯುವ ವಿಷಯವನ್ನು ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಮನೆಯವರು ಎಡವುವುದು ಅಲ್ಲಿಯೇ. ನಿಮ್ಮ ಮೊಮ್ಮಗ ಒಂಬತ್ತು ವಾರ ಮುಂಚೆ ಹುಟ್ಟಿದ್ದಾನೆ. ಅವನ ಮೆದುಳು ಮತ್ತು ನರಮಂಡಲ ಬೆಳೆಯುವ ಲೆಕ್ಕ ಹುಟ್ಟಿದ ದಿನದಿಂದಲ್ಲ, ಹೆರಿಗೆಗೆ ವೈದ್ಯರು ಕೊಟ್ಟಿದ್ದ ದಿನಾಂಕದಿಂದ ಶುರುವಾಗುತ್ತದೆ. ಇದಕ್ಕೆ ನಾವು ಕರೆಕ್ಟೆಡ್ ವಯಸ್ಸು ಎನ್ನುತ್ತೇವೆ. ಕ್ಯಾಲೆಂಡರಿನಲ್ಲಿ ಹದಿನೇಳು ವಾರವಾಗಿದ್ದರೂ ಈ ಲೆಕ್ಕದಲ್ಲಿ ಅವನಿಗೆ ಎಂಟೇ ವಾರ. ನಾಲ್ಕು ವಾರ ಕಳೆದರೆ ಹನ್ನೆರಡಾಗುತ್ತದೆ. ನಿಮ್ಮ ವೈದ್ಯರು ಕಾಯುತ್ತಿರುವುದು ಆ ಹನ್ನೆರಡಕ್ಕೆ. ಅವರು ತಡಮಾಡುತ್ತಿಲ್ಲ, ಸರಿಯಾದ ಹೊತ್ತಿಗೆ ಹೇಳಿದ್ದಾರೆ.

ಆ ವಯಸ್ಸೇ ಏಕೆ ಎಂಬುದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಆಸ್ಟ್ರಿಯಾ ಮೂಲದ ಹೈನ್ಸ್ ಪ್ರೆಕ್ಟಲ್ ಎಂಬ ವೈದ್ಯ ವಿಜ್ಞಾನಿ ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್‌ನಲ್ಲಿ ದಶಕಗಳ ಕಾಲ ನವಜಾತ ಶಿಶುಗಳ ನರವ್ಯವಸ್ಥೆಯನ್ನು ಅಧ್ಯಯನ ಮಾಡಿದರು. ಆಗಿನ ಪದ್ಧತಿ ಮಗುವನ್ನು ಎತ್ತಿ, ಎಳೆದು, ತಟ್ಟಿ ಅದರ ಪ್ರತಿಕ್ರಿಯೆಯನ್ನು ನೋಡುವುದಾಗಿತ್ತು. ಮುಟ್ಟದೆ ಸುಮ್ಮನೆ ಬಿಟ್ಟಾಗ ಮಗು ತಾನಾಗಿ ಮಾಡುವ ಚಲನೆಯೇ ಹೆಚ್ಚು ಮಾತನಾಡುತ್ತದೆ ಎಂದು ಅವರಿಗೆ ಮನವರಿಕೆಯಾಯಿತು. ಪ್ರಾಣಿಗಳ ವರ್ತನೆಯನ್ನು ಅವುಗಳ ಪಾಡಿಗೆ ಬಿಟ್ಟು ನೋಡುವ ಶಾಸ್ತ್ರದಿಂದ ಪ್ರಭಾವಿತರಾಗಿದ್ದವರಿಗೆ ಹೀಗೆ ತೋಚಿದ್ದು ಆಶ್ಚರ್ಯವೇನಲ್ಲ. ತಾಯಿಯ ಗರ್ಭದಲ್ಲಿ ಒಂಬತ್ತನೆಯ ವಾರದ ಹೊತ್ತಿಗೇ ಆರಂಭವಾಗಿ, ಹುಟ್ಟಿದ ಮೇಲೂ ಸುಮಾರು ಐದು ತಿಂಗಳವರೆಗೆ ಮುಂದುವರಿಯುವ, ಇಡೀ ದೇಹವನ್ನು ಒಳಗೊಂಡ ಈ ಚಲನೆಗಳನ್ನು ಜನರಲ್ ಮೂವ್‌ಮೆಂಟ್ಸ್ ಎಂದು ಕರೆದರು. ನಾವು ಜಿಎಂ ಎನ್ನುತ್ತೇವೆ.

ದಿನ ತುಂಬಿದ ಮೇಲಿನ ಮೊದಲ ಎರಡು ತಿಂಗಳು ಮಗು ಮೈಮುರಿಯುವಂತೆ, ನುಲಿಯುವಂತೆ ಚಲಿಸುತ್ತದೆ. ಕೈ, ಕಾಲು, ಕುತ್ತಿಗೆ, ನಡು ಒಂದೊಂದು ಸಲ ಒಂದೊಂದು ಕ್ರಮದಲ್ಲಿ ಸೇರಿಕೊಳ್ಳುತ್ತವೆ, ಚಲನೆ ಏರಿ ಇಳಿಯುತ್ತದೆ. ಅನಂತರ ಇದು ಹಿಂದೆ ಸರಿದು, ಸರಿಸುಮಾರು ಒಂಬತ್ತರಿಂದ ಇಪ್ಪತ್ತು ವಾರಗಳ ನಡುವೆ ಫಿಜೆಟಿ ಚಲನೆ ಎಂಬ ಹೊಸ ಬಗೆ ಕಾಣಿಸಿಕೊಳ್ಳುತ್ತದೆ. ಕೆರೆಯ ಮೇಲೆ ಸೋನೆಮಳೆ ಬಿದ್ದಾಗ ನೀರು ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಸಣ್ಣಗೆ ಪುಟಿಯುತ್ತದಲ್ಲ, ಹಾಗೆ ಮಣಿಕಟ್ಟು, ಹರಡು, ಕುತ್ತಿಗೆ, ಭುಜ, ಸೊಂಟಗಳಲ್ಲಿ ಎಲ್ಲ ದಿಕ್ಕಿಗೂ ಪುಟ್ಟ ಪುಟ್ಟ ಚಲನೆಗಳು ಎಡೆಬಿಡದೆ ಓಡಾಡುತ್ತವೆ. ನೀವು ಕೇಳಿದಿರಲ್ಲ, ನಮಗೆ ಕಾಣದ ಯಾವುದು ಅವರಿಗೆ ಕಾಣುತ್ತದೆ ಎಂದು, ಅದು ಇದೇ. ಮನೆಯವರಿಗೆ ಕಣ್ಣಿಗೆ ಬೀಳುವುದು ಕಾಲು ಜಾಡಿಸುವುದು, ಕೈ ಬಡಿಯುವುದು. ನಾವು ಹುಡುಕುವುದು ಅವುಗಳ ನಡುವೆ ಹರಿದಾಡುವ ಈ ಸಣ್ಣ ಪುಟಿತ. ಮಗು ಅಳುವಾಗ, ಚಡಪಡಿಸುವಾಗ ಅಥವಾ ಯಾವುದಾದರೂ ವಸ್ತುವನ್ನು ದಿಟ್ಟಿಸಿ ನೋಡುವಾಗ ಅದು ನಿಂತುಹೋಗುತ್ತದೆ. ಮಾತನಾಡಿಸಬೇಡಿ, ಆಟಿಕೆ ಬೇಡ ಎಂದು ವೈದ್ಯರು ಹೇಳಿದ್ದು ಅದಕ್ಕಾಗಿ.

ಚಲನೆಯನ್ನು ಹುಟ್ಟಿಸುವ ನರಜಾಲ ಮಿದುಳಿನ ಕಾಂಡ ಮತ್ತು ಬೆನ್ನುಹುರಿಯಲ್ಲಿದೆ. ಅದಕ್ಕೆ ವೈವಿಧ್ಯವನ್ನು ತುಂಬುವ ಸೂಚನೆಗಳು ಮೇಲಿನ ಮೆದುಳಿನಿಂದ ಇಳಿದು ಬರುತ್ತವೆ. ಅವು ಇಳಿಯುವ ಬಿಳಿಭಾಗದ ದಾರಿಗೆ ಪೆಟ್ಟಾಗಿದ್ದರೆ ಚಲನೆ ಇರುತ್ತದೆ, ಆದರೆ ಬಡವಾಗಿರುತ್ತದೆ, ಏಕತಾನವಾಗಿರುತ್ತದೆ, ಕೆಲವೊಮ್ಮೆ ಎಲ್ಲ ಸ್ನಾಯುಗಳೂ ಒಟ್ಟಿಗೆ ಬಿಗಿದು ಒಟ್ಟಿಗೆ ಸಡಿಲಾಗುತ್ತವೆ. 1997ರಲ್ಲಿ ಪ್ರೆಕ್ಟಲ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ 130 ಶಿಶುಗಳ ಅಧ್ಯಯನವನ್ನು ಪ್ರಕಟಿಸಿದರು. ಫಿಜೆಟಿ ಚಲನೆ ಸಹಜವಾಗಿದ್ದ 70 ಮಕ್ಕಳಲ್ಲಿ 67 ಮಕ್ಕಳ ನರಬೆಳವಣಿಗೆ ಮುಂದೆ ಸಹಜವಾಗಿಯೇ ನಡೆಯಿತು; ಅದು ಇಲ್ಲದಿದ್ದ ಅಥವಾ ಅಸಹಜವಾಗಿದ್ದ 60 ಮಕ್ಕಳಲ್ಲಿ 57 ಮಕ್ಕಳಿಗೆ ತೊಂದರೆ ಕಾಣಿಸಿಕೊಂಡಿತು. ಅದೇ ಮಕ್ಕಳ ತಲೆಯ ಅಲ್ಟ್ರಾಸೌಂಡ್ ಕೊಟ್ಟ ಮುನ್ಸೂಚನೆ ಇಷ್ಟು ನಿಖರವಾಗಿರಲಿಲ್ಲ. ನಿಮ್ಮ ಮನೆಯವರು ಅಲ್ಟ್ರಾಸೌಂಡ್ ವರದಿ ಹಿಡಿದು ಕಂಗೆಟ್ಟಿದ್ದರೆ ಈ ಒಂದು ವಾಕ್ಯವನ್ನು ಅವರಿಗೆ ಓದಿ ಹೇಳಿ.

ಆದರೂ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ವಿಡಿಯೊ ಒಂದರಿಂದಲೇ ಯಾರೂ ರೋಗನಿರ್ಣಯ ಮಾಡುವುದಿಲ್ಲ. ಸೆರೆಬ್ರಲ್ ಪಾಲ್ಸಿಯನ್ನು ಬೇಗ ಗುರುತಿಸುವ ಬಗ್ಗೆ 2017ರಲ್ಲಿ ಬಂದ ಅಂತರರಾಷ್ಟ್ರೀಯ ಶಿಫಾರಸು, ಐದು ತಿಂಗಳೊಳಗಿನ ಮಕ್ಕಳಿಗೆ ಜಿಎಂ ಪರೀಕ್ಷೆಯ ಜೊತೆಗೆ ಮೆದುಳಿನ ಎಂಆರ್‌ಐ ಮತ್ತು ಮಗುವಿನ ಭಂಗಿ, ಚಲನೆ, ಸ್ನಾಯುಗಳ ಬಿಗುವಿಗೆ ಅಂಕ ಕೊಡುವ ಹ್ಯಾಮರ್‌ಸ್ಮಿತ್ ನರಪರೀಕ್ಷೆ, ಇವುಗಳನ್ನು ಸೇರಿಸಿ ನೋಡಬೇಕೆನ್ನುತ್ತದೆ. ಹಿಂದೆಲ್ಲ ಒಂದರಿಂದ ಎರಡು ವರ್ಷದ ನಡುವೆ ತಿಳಿಯುತ್ತಿದ್ದದ್ದು ಈಗ ಐದು ತಿಂಗಳೊಳಗೆ ತಿಳಿಯಬಹುದಾಗಿರುವುದು ಈ ಮೂರೂ ಒಂದೇ ದಿಕ್ಕನ್ನು ತೋರಿಸಿದಾಗ. ಎಂಆರ್‌ಐಯನ್ನೂ ನರಪರೀಕ್ಷೆಯನ್ನೂ ಆರನೆಯ ತಿಂಗಳಲ್ಲಿ ಬೇಕಾದರೂ ಮಾಡಬಹುದು. ಫಿಜೆಟಿ ಚಲನೆ ಮಾತ್ರ ಇಪ್ಪತ್ತು ವಾರ ದಾಟಿದ ಮೇಲೆ ಉದ್ದೇಶಪೂರ್ವಕ ಚಲನೆಗಳ ನಡುವೆ ಕರಗಿಹೋಗುತ್ತದೆ. ತಡವಾಗಿ ತೆಗೆದ ವಿಡಿಯೊ ಎಷ್ಟೇ ಸ್ಪಷ್ಟವಾಗಿದ್ದರೂ ನಮಗೆ ಉಪಯೋಗವಿಲ್ಲ.

ಉತ್ತರ 2: ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ನಾನು ವೈದ್ಯನಲ್ಲ, ವಿಡಿಯೊದಲ್ಲಿ ಮನುಷ್ಯರ ಚಲನೆಯನ್ನು ಗುರುತಿಸುವ ತಂತ್ರಾಂಶಗಳ ಮೇಲೆ ಕೆಲಸ ಮಾಡುವವನು. ಆದ್ದರಿಂದ ಅಳಿಯಂದಿರ ಮಾತಿಗಷ್ಟೇ ಉತ್ತರಿಸುತ್ತೇನೆ.

ಕಂಪ್ಯೂಟರಿಗೆ ಮಗು ಮಗುವಾಗಿ ಕಾಣುವುದಿಲ್ಲ. ವಿಡಿಯೊದ ಪ್ರತಿಯೊಂದು ಚೌಕಟ್ಟಿನಲ್ಲೂ ಮೂಗು, ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಹರಡು ಎಲ್ಲಿವೆ ಎಂದು ಒಂದೊಂದು ಚುಕ್ಕಿ ಇಡುವುದು ಮೊದಲ ಹೆಜ್ಜೆ. ರಂಗೋಲಿಯ ಚುಕ್ಕಿಗಳಂತೆ ಅವುಗಳನ್ನು ಗೆರೆಗಳಿಂದ ಜೋಡಿಸಿದರೆ ಕಡ್ಡಿಬೊಂಬೆಯೊಂದು ಸಿಗುತ್ತದೆ. ಆ ಚುಕ್ಕಿಗಳು ಸೆಕೆಂಡಿನಿಂದ ಸೆಕೆಂಡಿಗೆ ಹೇಗೆ ಸರಿಯುತ್ತವೆ, ಎಷ್ಟು ವೇಗದಲ್ಲಿ, ಯಾವ ಚುಕ್ಕಿಯ ಜೊತೆ ಯಾವುದು ಎಂಬ ಅಂಕಿಗಳನ್ನು ಮುಂದಿನ ಹಂತದ ಗಣಿತಕ್ಕೆ ಊಡಿಸಲಾಗುತ್ತದೆ. ಮುಂದೆ ಸೆರೆಬ್ರಲ್ ಪಾಲ್ಸಿ ಬಂದ ಮತ್ತು ಬಾರದ ಮಕ್ಕಳ ಹಳೆಯ ವಿಡಿಯೊಗಳಿಂದ ಕಲಿತ ಆ ಗಣಿತ, ಹೊಸ ಮಗುವಿನ ಚಲನೆ ಯಾವ ಗುಂಪಿಗೆ ಹತ್ತಿರವಿದೆ ಎಂದು ಹೇಳುತ್ತದೆ. ಚುಕ್ಕಿ ಇಡುವ ಸಾಮಾನ್ಯ ತಂತ್ರಾಂಶಗಳು ಕಲಿತದ್ದು ಹೆಚ್ಚಾಗಿ ದೊಡ್ಡವರ ಚಿತ್ರಗಳಿಂದ. ಕೂಸಿಗೆ ತಲೆ ದೊಡ್ಡದು, ಕಾಲು ಗಿಡ್ಡ, ಕುತ್ತಿಗೆ ಇದ್ದೂ ಇಲ್ಲದಂತೆ; ಕಾಲನ್ನು ಎತ್ತಿ ಹೊಟ್ಟೆಯ ಮೇಲೆ ಮಡಚಿಕೊಂಡರೆ ಮಂಡಿ ಯಾವುದು, ಮೊಣಕೈ ಯಾವುದು ಎಂದು ಯಂತ್ರಕ್ಕೆ ಗೊಂದಲವಾಗುತ್ತದೆ. ಹಾಗಾಗಿ ಶಿಶುಗಳಿಗೆಂದೇ ಪ್ರತ್ಯೇಕ ಮಾದರಿಗಳನ್ನು ಕಟ್ಟಬೇಕಾಯಿತು. ಮೈಸೂರಿನ ಮೇಡಂ ಹೇಳಿದ ಸೋನೆಮಳೆಯ ಪುಟಿತ ಬಹಳ ಸಣ್ಣದು. ಮಣಿಕಟ್ಟಿನ ಚುಕ್ಕಿ ಚೌಕಟ್ಟಿನಿಂದ ಚೌಕಟ್ಟಿಗೆ ತಾನೇ ನಡುಗುತ್ತಿದ್ದರೆ, ನಡುಗಿದ್ದು ಮಗುವೋ ಯಂತ್ರವೋ ಎಂದು ಬಿಡಿಸುವುದೇ ನಮ್ಮ ವೃತ್ತಿಯವರಿಗೆ ದೊಡ್ಡ ತಲೆನೋವು.

ಈ ಕ್ಷೇತ್ರದಲ್ಲಿ ಗಂಭೀರವಾದ ಕೆಲಸ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ನಡೆದಿದೆ. ಅಲ್ಲಿನ ತಂಡ 2022ರಲ್ಲಿ ಜಾಮಾ ನೆಟ್‌ವರ್ಕ್ ಓಪನ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾರ್ವೆ, ಬೆಲ್ಜಿಯಂ, ಅಮೆರಿಕ ಮತ್ತು ಭಾರತದ ಒಟ್ಟು 13 ಆಸ್ಪತ್ರೆಗಳ 557 ಮಕ್ಕಳಿದ್ದರು. ಭಾರತದ ಮಕ್ಕಳು ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು. ಅಳಿಯಂದಿರು ಓದಿರುವುದು ಬಹುಶಃ ಇದರ ಸುದ್ದಿಯನ್ನೇ. ಯಂತ್ರ ಮೊದಲು ನೋಡದಿದ್ದ 139 ಮಕ್ಕಳ ಮೇಲೆ ಪರೀಕ್ಷಿಸಿದಾಗ, ಸೆರೆಬ್ರಲ್ ಪಾಲ್ಸಿ ಬಂದ ಮಕ್ಕಳಲ್ಲಿ ಶೇಕಡಾ 71.4ರಷ್ಟನ್ನು ಅದು ಸರಿಯಾಗಿ ಹಿಡಿಯಿತು. ಬಾರದವರಲ್ಲಿ ಶೇಕಡಾ 94.1ರಷ್ಟನ್ನು ಸರಿಯಾಗಿ ಬಿಟ್ಟಿತು. ಸಾಧನೆ ಸಣ್ಣದೇನಲ್ಲ. ಆದರೆ ಮೊದಲ ಅಂಕಿಯನ್ನು ತಿರುಗಿಸಿ ಓದಿ: ತೊಂದರೆಯಿದ್ದ ನೂರು ಮಕ್ಕಳಲ್ಲಿ ಇಪ್ಪತ್ತೆಂಟು ಇಪ್ಪತ್ತೊಂಬತ್ತು ಮಕ್ಕಳಿಗೆ ಯಂತ್ರ ಏನೂ ಇಲ್ಲ ಎಂದುಬಿಟ್ಟಿದೆ.

ಇನ್ನೊಂದು ಲೆಕ್ಕವನ್ನು ಮೇಷ್ಟ್ರು ಕರಿಹಲಗೆಯ ಮೇಲೆ ಮಾಡಿ ತೋರಿಸಬಹುದು. ಆ ಅಧ್ಯಯನದ ಮಕ್ಕಳೆಲ್ಲ ಮೊದಲೇ ಅಪಾಯದ ಪಟ್ಟಿಯಲ್ಲಿದ್ದವರು. ನೂರರಲ್ಲಿ ಹದಿನೈದು ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ ಇತ್ತು. ಅಂಥ ನೂರು ಮಕ್ಕಳಲ್ಲಿ ಯಂತ್ರ ಸುಮಾರು ಹನ್ನೊಂದು ಮಕ್ಕಳನ್ನು ಸರಿಯಾಗಿ ಹಿಡಿದು, ಐದು ಮಕ್ಕಳನ್ನು ತಪ್ಪಾಗಿ ಹಿಡಿಯುತ್ತದೆ. ಈಗ ಅದೇ ತಂತ್ರಾಂಶವನ್ನು ಫೋನಿಗೆ ಹಾಕಿ ಕಂಡ ಕಂಡ ಮಕ್ಕಳನ್ನೆಲ್ಲ ಪರೀಕ್ಷಿಸಿದೆವು ಎಂದಿಟ್ಟುಕೊಳ್ಳಿ. ಸಾವಿರಕ್ಕೆ ಇಬ್ಬರಂತೆ ಹಿಡಿದರೆ ಹತ್ತು ಸಾವಿರ ಮಕ್ಕಳಲ್ಲಿ ಇಪ್ಪತ್ತು ಮಕ್ಕಳಿಗೆ ತೊಂದರೆ ಇರುತ್ತದೆ. ಯಂತ್ರ ಅವರಲ್ಲಿ ಹದಿನಾಲ್ಕು ಮಕ್ಕಳನ್ನು ಹಿಡಿಯುತ್ತದೆ, ಜೊತೆಗೆ ಏನೂ ಇಲ್ಲದ ಸುಮಾರು 589 ಮಕ್ಕಳನ್ನೂ ಹಿಡಿಯುತ್ತದೆ. ಅಂದರೆ ಬೆಚ್ಚಿಬಿದ್ದು ಆಸ್ಪತ್ರೆಗೆ ಓಡುವ ನಲವತ್ತಮೂರು ಮನೆಗಳಲ್ಲಿ ಒಂದು ಮನೆಯ ಭಯಕ್ಕೆ ಮಾತ್ರ ಕಾರಣವಿರುತ್ತದೆ. ಯಂತ್ರ ಬದಲಾಗಿಲ್ಲ, ಅದರ ಮುಂದೆ ನಿಂತ ಮಕ್ಕಳು ಬದಲಾಗಿದ್ದಾರೆ, ಅಷ್ಟೇ. ಆದ್ದರಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ, ಯಾವ ಆಸ್ಪತ್ರೆಯ ಹೊಣೆಯೂ ಇಲ್ಲದ ಆ್ಯಪ್ ಒಂದು ನಿಮ್ಮ ಮೊಮ್ಮಗನ ಬಗ್ಗೆ ಏನೇ ಹೇಳಿದರೂ, ಒಳ್ಳೆಯದಾಗಲಿ ಕೆಟ್ಟದಾಗಲಿ, ನಂಬಬೇಡಿ.

ಆಟಿಸಂ ಬಗ್ಗೆ ಎರಡೇ ಮಾತು. ಎಳೆಗೂಸಿನ ಚಲನೆಯನ್ನು ನೋಡಿ ಆಟಿಸಂ ಹೇಳಬಹುದೆಂಬ ಆಸೆ ಹೊಸದಲ್ಲ. 1998ರಲ್ಲಿಯೇ ಅಮೆರಿಕದ ಸಂಶೋಧಕರು ಪೋಷಕರ ಮನೆವಿಡಿಯೊಗಳನ್ನು ಹಿಂದಿರುಗಿ ನೋಡಿ ಅಂಥ ವಾದವೊಂದನ್ನು ಮುಂದಿಟ್ಟಿದ್ದರು. ಸೆರೆಬ್ರಲ್ ಪಾಲ್ಸಿಗೆ ಫಿಜೆಟಿ ಚಲನೆ ಇರುವಂತೆ ಆಟಿಸಂಗೆ ಭರವಸೆಯಿಂದ ತೋರಿಸಬಹುದಾದ ಚಲನೆಯ ಗುರುತು ಇನ್ನೂ ಇಲ್ಲ. ಸುದ್ದಿಯಾದ ಡ್ಯೂಕ್ ವಿಶ್ವವಿದ್ಯಾಲಯದ ಟ್ಯಾಬ್ಲೆಟ್ ಆ್ಯಪ್ ಒಂದೂವರೆ ವರ್ಷದಿಂದ ಮೂರು ವರ್ಷದ ಆಸುಪಾಸಿನ ಮಕ್ಕಳಿಗೆ. ಅದು ನೋಡುವುದು ಮುಖ್ಯವಾಗಿ ಮಗುವಿನ ನೋಟ, ಮುಖಭಾವ, ಹೆಸರು ಕರೆದಾಗ ತಿರುಗುವ ಬಗೆ ಇಂಥವನ್ನು. ಎರಡನ್ನೂ ಕಲಸಬಾರದು.

ಉತ್ತರ 3: ತಾಯಿ, ಧಾರವಾಡ

ಹಿರಿಯರೇ, ನನ್ನ ಮಗನಿಗೆ ಈಗ ಎಂಟು ವರ್ಷ. ಸೆರೆಬ್ರಲ್ ಪಾಲ್ಸಿ ಇದೆ. ದಿನ ತುಂಬಿಯೇ ಹುಟ್ಟಿದ, ಆದರೆ ಹುಟ್ಟಿದ ಕೂಡಲೇ ಅಳಲಿಲ್ಲ, ಎರಡನೆಯ ದಿನ ಫಿಟ್ಸ್ ಬಂತು. ಬೇಗ ಹುಟ್ಟಿದ ಮಕ್ಕಳನ್ನು ಕರೆಸಿ ನೋಡುವಷ್ಟು ಶ್ರದ್ಧೆಯಿಂದ ದಿನ ತುಂಬಿ ಹುಟ್ಟಿ ಉಸಿರುಗಟ್ಟಿದ ಮಕ್ಕಳನ್ನು ಯಾರೂ ಕರೆಸಿ ನೋಡುವುದಿಲ್ಲ ಎಂಬುದು ನನ್ನ ಅನುಭವ. ಐದನೆಯ ತಿಂಗಳಲ್ಲೂ ಅವನು ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಬಿಗಿಹಿಡಿದಿರುತ್ತಿದ್ದ. ಎಂಟನೆಯ ತಿಂಗಳಿಗೆ ಎಲ್ಲದಕ್ಕೂ ಎಡಗೈಯನ್ನೇ ಚಾಚುತ್ತಿದ್ದ. ನಮ್ಮತ್ತೆ ಎಡಚನಾಗುತ್ತಾನೆ ಎಂದು ನಕ್ಕರು. ನಾವು ತೋರಿಸುತ್ತಿದ್ದ ಆಸ್ಪತ್ರೆಯಲ್ಲಿ ಗಂಡುಮಕ್ಕಳು ಸ್ವಲ್ಪ ನಿಧಾನ, ಕಾದು ನೋಡೋಣ ಎಂದರು. ಒಂದು ವರ್ಷದೊಳಗೆ ಮಗು ಒಂದೇ ಕೈಯನ್ನು ನೆಚ್ಚಿಕೊಂಡರೆ ಅದು ಎಡಚತನವಲ್ಲ, ಇನ್ನೊಂದು ಕೈಯ ದೌರ್ಬಲ್ಯವಿರಬಹುದು ಎಂದು ನನಗೆ ತಿಳಿಸಿದ್ದು ಬೇರೊಬ್ಬ ಫಿಸಿಯೋಥೆರಪಿಸ್ಟ್, ಅವನಿಗೆ ಹತ್ತೊಂಬತ್ತು ತಿಂಗಳಾದಾಗ.

ಆಕೆ ಕೇಳಿದ ಒಂದು ಪ್ರಶ್ನೆ ಈ ಚರ್ಚೆಯನ್ನು ಓದುವಾಗ ನೆನಪಾಯಿತು. ಮೂರು ನಾಲ್ಕು ತಿಂಗಳಿನ ವಿಡಿಯೊ ಏನಾದರೂ ಇದೆಯೇ ಎಂದಿದ್ದರು. ಇತ್ತು. ಮೂರನೆಯ ತಿಂಗಳಲ್ಲಿ ಮಾಡಿದ ನಾಮಕರಣದ ನಲವತ್ತು ನಿಮಿಷದ ವಿಡಿಯೊ. ಅದರಲ್ಲಿ ಪುರೋಹಿತರಿದ್ದಾರೆ, ತೊಟ್ಟಿಲಿಗೆ ಕಟ್ಟಿದ ಹೂವಿದೆ, ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುವುದಿದೆ, ಊಟದ ಪಂಕ್ತಿಯಿದೆ. ಮಗು ಮಾತ್ರ ಕುಲಾವಿ ಹಾಕಿಕೊಂಡು, ಮಗ್ಗುಲು ಸರಿಯಲಾಗದಂತೆ ಬಟ್ಟೆಯಲ್ಲಿ ಸುತ್ತಿಸಿಕೊಂಡು, ಕೈಯಿಂದ ಕೈಗೆ ಹೋಗುತ್ತಿದೆ. ನಲವತ್ತು ನಿಮಿಷದಲ್ಲಿ ಅವನ ಕೈಕಾಲು ಕಂಡದ್ದು ಒಂದು ನಿಮಿಷವೂ ಇಲ್ಲ. ನಿಮ್ಮ ವೈದ್ಯರು ಕೇಳಿರುವ ಆ ಮೂರು ನಿಮಿಷವನ್ನು ಯಾರಾದರೂ ನನ್ನಿಂದ ಕೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಆದ್ದರಿಂದ ಅಮ್ಮನವರಿಗೆ ನನ್ನ ಪರವಾಗಿ ಹೇಳಿ, ಅಡ್ಡಿಮಾಡಬೇಡಿ ಎಂದು.

ಮೇಲೆ ಉತ್ತರಿಸಿದವರಿಗೂ ಒಂದು ಮಾತು ಕೇಳಬೇಕಿದೆ. ವಿಡಿಯೊ ತೆಗೆಯುವುದು ಸುಲಭ, ನೋಡುವ ಕಣ್ಣು ಎಲ್ಲಿದೆ? ಬೆಂಗಳೂರು, ಮೈಸೂರು, ವೆಲ್ಲೂರು ಸರಿ. ನಮ್ಮ ಕಡೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಫಿಜೆಟಿ ಎಂದರೆ ಯಾರಿಗೆ ಗೊತ್ತಾಗಬೇಕು? 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ, ಅದರಡಿ ಜಿಲ್ಲೆಗಳಲ್ಲಿ ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಡಿಇಐಸಿ ಕೇಂದ್ರಗಳಿವೆ, ಬೆಳವಣಿಗೆಯ ವಿಳಂಬವೂ ಅವರ ಪಟ್ಟಿಯಲ್ಲಿದೆ. ನನ್ನ ಮಗನಿಗೆ ಚಿಕಿತ್ಸೆಯಲ್ಲಿ ಬಹಳಷ್ಟು ಸಿಕ್ಕಿದ್ದು ಅಂಥ ಕೇಂದ್ರದಲ್ಲಿಯೇ, ಅದನ್ನು ಮರೆಯುವುದಿಲ್ಲ. ಆದರೆ ಅಲ್ಲಿಗೆ ಮಕ್ಕಳು ತಲುಪುವ ಹೊತ್ತಿಗೆ ಐದು ತಿಂಗಳು ಎಂದೋ ದಾಟಿರುತ್ತದೆ. ನನ್ನ ಮಗ ತಲುಪಿದ್ದು ಎರಡನೆಯ ವರ್ಷದಲ್ಲಿ.

ಉತ್ತರ 1ರ ಮುಂದುವರಿಕೆ: ಮಕ್ಕಳ ಫಿಸಿಯೋಥೆರಪಿಸ್ಟ್, ಮೈಸೂರು

ಅಮ್ಮಾ, ನಿಮ್ಮ ಪ್ರಶ್ನೆಗೆ ನನ್ನ ಬಳಿ ತೃಪ್ತಿಕರವಾದ ಉತ್ತರವಿಲ್ಲ. ಪ್ರೆಕ್ಟಲ್ ಪದ್ಧತಿಯನ್ನು ಕಲಿಸುವ ಜಿಎಂ ಟ್ರಸ್ಟ್ ಎಂಬ ಸಂಸ್ಥೆ ನಡೆಸುವ ತರಬೇತಿಯನ್ನು ಪಡೆದವರು ನಮ್ಮಲ್ಲಿ ಇದ್ದಾರೆ, ಆದರೆ ಹೆಚ್ಚಿನವರು ದೊಡ್ಡ ಊರುಗಳಲ್ಲಿಯೇ ಇದ್ದಾರೆ. ಉಸಿರುಗಟ್ಟಿ ಹುಟ್ಟಿದ, ದಿನ ತುಂಬಿದ ಮಕ್ಕಳ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಹುಟ್ಟುವಾಗ ಅಳದವರು, ಫಿಟ್ಸ್ ಬಂದವರು, ಕಾಮಾಲೆ ವಿಪರೀತ ಏರಿದವರು, ಇವರೆಲ್ಲರನ್ನೂ ಮೂರನೆಯ ತಿಂಗಳಲ್ಲಿ ಕರೆಸಿ ನೋಡಬೇಕು. ಹಾಗೆ ನೋಡಿದರೆ ವಿಡಿಯೊದ ನಿಜವಾದ ಲಾಭ ಕಂಪ್ಯೂಟರಿನದ್ದಲ್ಲ, ದೂರದ್ದು. ಮಗು ಪ್ರಯಾಣ ಮಾಡಬೇಕಿಲ್ಲ, ವಿಡಿಯೊ ಪ್ರಯಾಣ ಮಾಡಿದರೆ ಸಾಕು. ಬೇಗ ಹುಟ್ಟಿದ ಮಕ್ಕಳ ಅಕ್ಷಿಪಟಲಕ್ಕೆ ಬರುವ ಆರ್‌ಒಪಿ ಎಂಬ ಕಾಯಿಲೆಯ ತಪಾಸಣೆಯನ್ನು ನಮ್ಮ ರಾಜ್ಯವೇ ಹೀಗೆ ಮಾಡಿ ತೋರಿಸಿದೆ: ಕಿಡ್ರಾಪ್ ಎಂಬ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಎನ್‌ಐಸಿಯುಗಳಿಗೆ ಹೋಗಿ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನಲ್ಲಿ ಕುಳಿತ ತಜ್ಞರು ಅದನ್ನು ಓದುತ್ತಾರೆ. ಅದಕ್ಕೆ ಬೇಕಾಗುವ ಕ್ಯಾಮೆರಾ ಬಹಳ ದುಬಾರಿ. ಇದಕ್ಕೆ ಮೊಬೈಲು ಸಾಕು.

ಉತ್ತರ 4: ಶುಶ್ರೂಷಕಿ, ಮೆಲ್ಬರ್ನ್

ಇಪ್ಪತ್ತು ವರ್ಷದ ಹಿಂದೆ ಶಿವಮೊಗ್ಗದಿಂದ ಇಲ್ಲಿಗೆ ಬಂದವಳು ನಾನು. ಮೈಸೂರಿನವರು ಹೇಳಿದ ಕ್ರಮವನ್ನೇ ಇಲ್ಲಿಯ ಮರ್ಡಾಕ್ ಮಕ್ಕಳ ಸಂಶೋಧನಾ ಸಂಸ್ಥೆಯವರು ಬೇಬಿ ಮೂವ್ಸ್ ಎಂಬ ಆ್ಯಪ್ ಮೂಲಕ ವಿಕ್ಟೋರಿಯಾ ರಾಜ್ಯದಲ್ಲಿ ಪ್ರಯತ್ನಿಸಿದ್ದಾರೆ. ತೀರ ಬೇಗ ಹುಟ್ಟಿದ ಮಕ್ಕಳನ್ನೂ ದಿನ ತುಂಬಿ ಹುಟ್ಟಿದವರನ್ನೂ ಹೋಲಿಸಿ ನೋಡುವುದು ಅವರ ಉದ್ದೇಶವಾಗಿತ್ತು. ಕರೆಕ್ಟೆಡ್ ವಯಸ್ಸಿನ ಮೂರನೆಯ ತಿಂಗಳ ಆಸುಪಾಸಿನಲ್ಲಿ ಚಿತ್ರೀಕರಿಸಬೇಕೆಂದು ಆ್ಯಪ್ ತಾನೇ ನೆನಪಿಸುತ್ತದೆ. ಪೋಷಕರು ಮನೆಯಲ್ಲಿ ಎರಡು ಬಾರಿ ವಿಡಿಯೊ ತೆಗೆಯುತ್ತಾರೆ, ಅದು ಸುರಕ್ಷಿತವಾಗಿ ಸಂಸ್ಥೆಗೆ ತಲುಪುತ್ತದೆ. ಗಮನಿಸಬೇಕಾದದ್ದೆಂದರೆ, ತೀರ್ಪು ಕೊಡುತ್ತಿದ್ದವರು ತರಬೇತಿ ಪಡೆದ ಮನುಷ್ಯರು. ಅಳಿಯಂದಿರು ಇಂಥ ಹೆಸರುಗಳನ್ನು ಓದಿ ಯಂತ್ರವೇ ಎಲ್ಲವನ್ನೂ ಹೇಳುತ್ತದೆಂದು ಭಾವಿಸಿರಬಹುದು.

ಪ್ರಶ್ನೆ ಕೇಳಿದವರಿಂದ: ನಿವೃತ್ತ ಶಿಕ್ಷಕ, ಹಾಸನ

ನಿಮ್ಮೆಲ್ಲರಿಗೂ ಮನಃಪೂರ್ವಕ ವಂದನೆಗಳು. ಧಾರವಾಡದ ತಾಯಿಯ ಪತ್ರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಮೊದಲೊಂದು ಸಲ, ಆಮೇಲೆ ನನ್ನ ಹೆಂಡತಿಯೇ ಕೇಳಿ ಇನ್ನೊಂದು ಸಲ. ಅಳಿಯಂದಿರಿಗೆ 589ರ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದೆ. ಅವರು ಮತ್ತೊಮ್ಮೆ ತಾವೇ ಮಾಡಿ ನೋಡಿ, ಫೋನಿಗೆ ಇಳಿಸಿಕೊಂಡಿದ್ದ ಅಂಥದೊಂದು ಆ್ಯಪನ್ನು ತೆಗೆದರು.

ಈಗ ಉಳಿದಿರುವುದು ಸಣ್ಣ ಸಂದೇಹಗಳು. ವಿಡಿಯೊವನ್ನು ವಾಟ್ಸಪ್‌ನಲ್ಲಿ ಕಳುಹಿಸಬಹುದೇ? ದಿನದ ಯಾವ ಹೊತ್ತು ಒಳ್ಳೆಯದು? ನನ್ನ ಹೆಂಡತಿ ಒಪ್ಪಿದ್ದಾಳೆ, ಆದರೆ ಅಂಗಾಲಿಗೆ ಕಾಡಿಗೆಯ ಬೊಟ್ಟು ಇಡದೆ ಬಿಡುವುದಿಲ್ಲ ಎನ್ನುತ್ತಾಳೆ. ಅವಳ ತವರಿನವರು ಕೊಟ್ಟ ಬೆಳ್ಳಿಯ ಕಾಲ್ಗೆಜ್ಜೆಯನ್ನೂ ತೆಗೆಯಬಾರದಂತೆ. ಇವುಗಳಿಂದ ತೊಂದರೆಯಿದೆಯೇ?

ಉತ್ತರ 2ರ ಮುಂದುವರಿಕೆ: ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ವಾಟ್ಸಪ್ ವಿಡಿಯೊವನ್ನು ಕುಗ್ಗಿಸುತ್ತದೆ, ಸಣ್ಣ ಚಲನೆಗಳು ಮಸುಕಾಗುತ್ತವೆ. ಜೊತೆಗೆ ಕುಟುಂಬದ ಗುಂಪಿಗೆ ಕೈತಪ್ಪಿ ಹೋಗುವ ಅಪಾಯವೂ ಇದೆ. ಫೋನನ್ನೇ ವೈದ್ಯರ ಬಳಿಗೆ ಒಯ್ದು ತೋರಿಸಿ. ಅವರು ಬೇರೆ ತಜ್ಞರಿಗೆ ಕಳುಹಿಸಬೇಕೆಂದರೆ ಎಲ್ಲಿಗೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಸಂಶೋಧನೆಗೆ ಬಳಸುತ್ತಾರೆಯೇ ಎಂದು ಕೇಳಿ ಬರವಣಿಗೆಯಲ್ಲಿ ಒಪ್ಪಿಗೆ ಕೊಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಆ ಒಪ್ಪಿಗೆಗೆ ಸಹಿ ಮಾಡಬೇಕಾದವರು ನಿಮ್ಮ ಮಗಳು ಮತ್ತು ಅಳಿಯ, ತಾತನಲ್ಲ.

ಉತ್ತರ 1ರ ಮುಂದುವರಿಕೆ: ಮಕ್ಕಳ ಫಿಸಿಯೋಥೆರಪಿಸ್ಟ್, ಮೈಸೂರು

ಮೇಷ್ಟ್ರೇ, ಹಾಲು ಕುಡಿದು ಸ್ವಲ್ಪ ಹೊತ್ತಾದ ಮೇಲೆ, ನಿದ್ದೆಯ ಹೊತ್ತಿಗೆ ಮುಂಚೆ, ಅವನು ಎಚ್ಚರವಾಗಿ ಸಮಾಧಾನದಲ್ಲಿರುವಾಗ ತೆಗೆಯಿರಿ. ಎಣ್ಣೆನೀರು ಹಾಕಿದ ದಿನ ಮಗು ಮಂಪರಿನಲ್ಲಿರುತ್ತದೆ, ಅಂದು ಬೇಡ. ಬೆಳಕಿರುವ, ಗಾಳಿ ಬೀಸದ ಬೆಚ್ಚಗಿನ ಕೋಣೆಯಲ್ಲಿ ಚಾಪೆಯ ಮೇಲೆ ಒಂದೇ ಬಣ್ಣದ, ಚಿತ್ತಾರವಿಲ್ಲದ ದಪ್ಪ ಬಟ್ಟೆ ಹಾಸಿ ಅಂಗಾತ ಮಲಗಿಸಿ. ಮೆತ್ತನೆಯ ಹಾಸಿಗೆಯಲ್ಲಿ ದೇಹ ಹೂತುಹೋಗುತ್ತದೆ. ಡೈಪರ್ ಇರಲಿ, ತೋಳಿಲ್ಲದ ತೆಳುವಾದ ಅಂಗಿಯೂ ಇರಬಹುದು. ಕೈಕಾಲು ಬರಿದಾಗಿದ್ದರೆ ಸಾಕು, ಬೆತ್ತಲೆ ಮಾಡಬೇಕಿಲ್ಲ. ಫೋನನ್ನು ಕೈಯಲ್ಲಿ ಹಿಡಿದು ಅಲುಗಿಸದೆ ಕಾಲಿನ ಕಡೆಯಿಂದ ಮೇಲಕ್ಕೆ ಎತ್ತಿ ಕಟ್ಟಿ, ತಲೆಯಿಂದ ಕಾಲ್ಬೆರಳವರೆಗೆ ಎಲ್ಲವೂ ಮುಖದ ಸಮೇತ ಕಾಣುವಂತೆ ಇರಿಸಿ, ನೀವೆಲ್ಲ ಅವನ ಕಣ್ಣಿಗೆ ಬೀಳದಂತೆ ಹಿಂದೆ ಸರಿಯಿರಿ. ಅತ್ತರೆ ನಿಲ್ಲಿಸಿ ಎತ್ತಿಕೊಳ್ಳಿ, ಮತ್ತೊಂದು ದಿನ ತೆಗೆದರಾಯಿತು. ವಿಡಿಯೊವನ್ನು ನೀವೇ ಮತ್ತೆ ಮತ್ತೆ ಹಾಕಿಕೊಂಡು ತೀರ್ಮಾನಕ್ಕೆ ಕೂರಬೇಡಿ, ತರಬೇತಿಯಿಲ್ಲದ ಕಣ್ಣಿಗೆ ಭಯ ಮಾತ್ರ ಕಾಣುತ್ತದೆ.

ಅಂಗಾಲಿನ ಬೊಟ್ಟಿಗೆ ನನ್ನ ಅಭ್ಯಂತರವಿಲ್ಲ, ಎಷ್ಟು ದೊಡ್ಡದಾದರೂ ಇಡಲಿ. ಗೆಜ್ಜೆಯನ್ನು ಮಾತ್ರ ಆ ಐದು ನಿಮಿಷ ತೆಗೆದಿಡಲು ಅಮ್ಮನವರಲ್ಲಿ ಕೇಳಿಕೊಳ್ಳಿ. ಕಾಲು ಆಡಿಸಿದಾಗಲೆಲ್ಲ ಆ ಸದ್ದಿಗೆ ಮಗು ತಾನೇ ಬೆರಗಾಗಿ ಸುಮ್ಮನಾಗಿಬಿಡುತ್ತದೆ, ಮತ್ತೆ ನಮಗೆ ನೋಡಲು ಏನೂ ಇರುವುದಿಲ್ಲ.